ಕೊಲಂಬಸ್‌ನ ಸೂಟಿ: ಗದಗಿನ ಲೇಖಕರಿಗೊಂದು ಪತ್ರ

ಗೆಳೆಯರೇ,

ಅಮೆರಿಕದಲ್ಲಿ ಕೊಲಂಬಸ್ ಹೆಸರಿನ ಸೂಟಿ ನಿಲ್ಲಿಸಬೇಕು ಎಂದು ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ನಿಮ್ಮ ಭಾಷೆ ಓದಿಸಿಕೊಂಡು ಹೋಗುತ್ತದೆ, ಅದರ ಚಿಂತೆ ಬೇಡ.

ಮೊದಲ ಪ್ಯಾರಾದಲ್ಲೇ ಅವನನ್ನು ದರೋಡೆಕೋರ ಅಂದಿರಿ. ಮುಂದಿನ ಆರು ಪುಟವೂ ಅದೇ ಬೈಗುಳ. ಸುಮ್ನೆ ಬೈದರೆ ಯಾರೂ ನಂಬುವುದಿಲ್ಲ. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ ಬಂಗಾರದ ಸೀಮೆಯಲ್ಲಿ ಹದಿನಾಲ್ಕು ವರ್ಷ ತುಂಬಿದ ಟೈನೊ ಜನ, ಅಂದರೆ ಅಲ್ಲಿನ ಮೂಲನಿವಾಸಿಗಳು, ಮೂರು ತಿಂಗಳಿಗೊಮ್ಮೆ ಅವನಿಗೆ ಇಂತಿಷ್ಟು ಬಂಗಾರ ತಂದು ಕೊಡಬೇಕಿತ್ತು. ನೂರಾರು ಜನರನ್ನು ಹಿಡಿದು ಗುಲಾಮರಾಗಿ ಸ್ಪೇನಿಗೆ ಸಾಗಿಸಿದ. 1500ರಲ್ಲಿ ಸ್ಪೇನಿನ ದೊರೆಗಳು ಕಳಿಸಿದ ಅಧಿಕಾರಿಯೇ ಅವನಿಗೆ ಬೇಡಿ ಹಾಕಿ ವಾಪಸ್ ಕಳಿಸಿದ. (ದೂರು ಕೊಟ್ಟವರು ಹೆಚ್ಚಾಗಿ ಅಲ್ಲಿದ್ದ ಸ್ಪೇನಿನವರೇ, ತಮ್ಮ ಕಷ್ಟಕ್ಕೆ. ಅದನ್ನೂ ಮುಚ್ಚಿಡಬೇಡಿ.) ಇಷ್ಟು ಬರೆಯಿರಿ ಸಾಕು, ಬೈಯುವ ಕೆಲಸ ಓದುಗರೇ ಮಾಡುತ್ತಾರೆ.

ನನಗೆ ಜಾಸ್ತಿ ಬೇಸರವಾಗಿದ್ದು ಬೇರೆ. ಈ ಸೂಟಿ ಯಾರಿಗೆ ಬೇಕಿತ್ತು ಎಂದು ನೀವು ಕೇಳಿಯೇ ಇಲ್ಲ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜನರ ಗುಂಪು ಜೈಲಿಗೆ ನುಗ್ಗಿ ಇಟಲಿ ಮೂಲದ 11 ಮಂದಿಯನ್ನು ಕೊಂದಿತು. ಮರುವರ್ಷ ಅಧ್ಯಕ್ಷ ಹ್ಯಾರಿಸನ್ ಕೊಲಂಬಸ್ ಬಂದ 400ನೇ ವರ್ಷ ಆಚರಿಸಲು ಕರೆ ಕೊಟ್ಟರು. ದುಡಿಯಲು ಬಂದು ಅವಮಾನ ಉಂಡ ಆ ವಲಸಿಗರಿಗೆ ಇಟಲಿಯ ಜಿನೋವಾದಲ್ಲಿ ಹುಟ್ಟಿದ ಕೊಲಂಬಸ್ ಎಂದರೆ 'ನಾವೂ ಈ ದೇಶದವರೇ' ಎಂದು ಹೇಳಿಕೊಳ್ಳಲು ಸಿಕ್ಕ ಒಂದು ಹೆಸರು. 1971ರಿಂದ ಅಕ್ಟೋಬರ್‌ನ ಎರಡನೇ ಸೋಮವಾರ ಆ ಸೂಟಿ. 1992ರಲ್ಲಿ ಬರ್ಕ್ಲಿ ನಗರ ಕೊಲಂಬಸ್ ದಿನ ಬಿಟ್ಟು ಮೂಲನಿವಾಸಿಗಳ ದಿನ ಆಚರಿಸಿತು. ನೊಂದವರು ಎರಡೂ ಕಡೆ ಇದ್ದಾರಲ್ವಾ? ಲೇಖನದ ಜೀವ ಇಲ್ಲಿದೆ. ಹೆಸರು ಬದಲಾಗಬೇಕು ಎಂಬ ನಿಮ್ಮ ಮಾತಿಗೆ ನನ್ನ ಒಪ್ಪಿಗೆಯೂ ಇದೆ. ಆದರೆ ಅದನ್ನು ಒಬ್ಬ ಇಟಲಿ ಮೂಲದ ಅಜ್ಜನ ಎದುರು ಕೂತು ಹೇಳುವಂತೆ ಬರೆಯಿರಿ.

ಟಿಪ್ಪು ಜಯಂತಿಯ ಪ್ಯಾರಾ ತೆಗೆಯಿರಿ. ಅವನು ರಾಜ, ನಾವಿಕನಲ್ಲ. ಆ ಜಗಳಕ್ಕೆ ಬೇರೆ ಲೇಖನವೇ ಬೇಕು.

ಅದರ ಬದಲು ವಾಸ್ಕೋ ಡ ಗಾಮನನ್ನು ತನ್ನಿ. ಗದಗಿನಲ್ಲಿ ಕೂತು ಅಮೆರಿಕ ಕಂಡಿರಿ, ಗೋವಾ ಕಾಣಲಿಲ್ಲವೇ? ನಮ್ಮ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಹೋಗುವ ರೈಲು ಅವನ ಹೆಸರಿನ ಸ್ಟೇಷನ್ನಿಗೇ ಮುಟ್ಟುತ್ತದೆ. 1502ರಲ್ಲಿ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು, ಒಳಗೆ ಹೆಂಗಸರು ಮಕ್ಕಳು ಇರುವಾಗಲೇ, ಸುಡಿಸಿದವನು ಅವನು. 'ವಾಸ್ಕೋಕ್ಕ ಹೊಂಟೀವಿ' ಅಂತ ಬುತ್ತಿ ಕಟ್ಟುವ ನಾವು ಇದನ್ನು ನೆನೆಯುತ್ತೇವೆಯೇ? ನಮ್ಮ ಮರೆವಿನ ಬಗ್ಗೆ ಒಂದು ಪುಟ ಬರೆದರೆ ಅಮೆರಿಕದವರಿಗೆ ಬುದ್ಧಿ ಹೇಳುವ ನಿಮ್ಮ ದನಿ ತಾನಾಗಿ ತಗ್ಗುತ್ತದೆ.

ಒಟ್ಟು ನಾಲ್ಕು ಪುಟ ದಾಟಬಾರದು. ದಸರಾ ಸೂಟಿಗೆ ಮೊದಲು ಕಳಿಸಿ, ಮತ್ತೆ ಓದುತ್ತೇನೆ.

— ಸಂಪಾದಕ, ಧಾರವಾಡ