ಡೆನ್ಮಾರ್ಕಿನ ಕ್ರೊನ್‌ಬೋರ್ಗ್ ಕೋಟೆಯನ್ನು ಸಮುದ್ರದ ಅಂಚಿನಲ್ಲೇ ಯಾಕೆ ಕಟ್ಟಿದರು?

ಹಡಗುಗಳಿಂದ ಸುಂಕ ವಸೂಲಿ ಮಾಡುವುದಕ್ಕೆ. ಹೆಲ್ಸಿಂಗೋರ್ ಊರಿನ ಹತ್ತಿರ ಡೆನ್ಮಾರ್ಕಿಗೂ ಇಂದಿನ ಸ್ವೀಡನ್ನಿಗೂ ನಡುವಿನ ಸಮುದ್ರ ಬರೀ 4 ಕಿಲೋಮೀಟರ್ ಅಗಲ. ಬಾಲ್ಟಿಕ್ ಸಮುದ್ರದ ಕಡೆ ಹೋಗುವ ಹೆಚ್ಚಿನ ಹಡಗುಗಳು ಇಲ್ಲೇ ದಾಟಬೇಕಿತ್ತು. ಫಿರಂಗಿಗಳ ಎದುರು ಸುಮ್ನೆ ಜಾರಿಕೊಳ್ಳುವುದು ಕಷ್ಟ ಅಲ್ವಾ?

ನನಗೆ ತುಂಬಾ ಇಷ್ಟವಾಗುವುದು ಸುಂಕದ ಲೆಕ್ಕ. ಸರಕಿನ ಬೆಲೆಯನ್ನು ಕ್ಯಾಪ್ಟನ್ನೇ ಹೇಳಬೇಕು. ಆದರೆ ಅವನು ಹೇಳಿದ ಬೆಲೆಗೇ ಅದನ್ನು ಕೊಳ್ಳುವ ಹಕ್ಕು ರಾಜನಿಗಿತ್ತು. ಕಡಿಮೆ ಹೇಳಿದರೆ ಸರಕೇ ಕೈತಪ್ಪುವ ಭಯ, ಜಾಸ್ತಿ ಹೇಳಿದರೆ ಸುಂಕ ಜಾಸ್ತಿ. ಹಾಗಾಗಿ ನಿಜ ಹೇಳುವುದೇ ಲಾಭ.

ಈ ಹಣದ ಬಲದಿಂದ ಡೆನ್ಮಾರ್ಕಿನ ರಾಜ 2ನೇ ಫ್ರೆಡರಿಕ್ 1574ರಿಂದ 1585ರವರೆಗೆ ಹಳೇ ಕೋಟೆಯನ್ನು ಅರಮನೆಯಾಗಿಸಿದ. ಸುಂಕ ನಿಂತಿದ್ದು 1857ರಲ್ಲಿ. ಹೋದರೆ ಫಿರಂಗಿಗಳ ಪಕ್ಕ ನಿಂತು ಎದುರಿನ ದಡ ನೋಡಿ.