ಎಕ್ಸ್‌ರೇ ಹೊಡೆಯೋದಕ್ಕೆ ನಾಲ್ಕು ವರ್ಷ ಬೇಕಾ?

ಪಿಯುಸಿ ಸೈನ್ಸ್ ಮುಗಿದಿದೆ, ನೀಟ್‌ನಲ್ಲಿ ಸೀಟು ಬರಲಿಲ್ಲ. ಬೆಳಗಾವಿಗೆ ಹೋಗಿ ಬಿಎಸ್ಸಿ ಮೆಡಿಕಲ್ ಇಮೇಜಿಂಗ್ (ಎಕ್ಸ್‌ರೇ, ಸ್ಕ್ಯಾನ್ ತೆಗೆಯೋದನ್ನು ಕಲಿಸುವ ಡಿಗ್ರಿ) ಸೇರೋದಾ, ಡಿಪ್ಲೊಮಾ ಮುಗಿಸಿ ಬೇಗ ದುಡಿಯೋದಾ ಅಂತ ಕೇಳಿದ್ದೀರಿ. ಅದರ ಮೇಲೆ ರೇಡಿಯೇಷನ್‌ನಿಂದ ಮಕ್ಕಳಾಗಲ್ಲ ಅನ್ನೋ ಭಯ ಬೇರೆ. 2013ರಲ್ಲಿ ನನ್ನ ತಲೆಯಲ್ಲೂ ಇವೇ ಪ್ರಶ್ನೆಗಳಿದ್ದವು. ಆಗ ಕೇಳೋದಕ್ಕೆ ನನಗೆ ಇದ್ದದ್ದು ಅಪ್ಪ ಒಬ್ಬನೇ.

ಮುಧೋಳ ಹತ್ತಿರದ ಹಳ್ಳಿ ನಮ್ಮದು, ಕಬ್ಬಿನ ಹೊಲ. ಅಪ್ಪ ಎಲ್ಲ ಕೇಳಿಸಿಕೊಂಡು ಅಂದ: "ನಾಕು ವರ್ಷ ಫೋಟೋ ತೆಗ್ಯೂದು ಕಲೀತಿಯೇನಲೇ? ಸ್ಟುಡಿಯೋದಾಂವ ನಾಕು ದಿನದಾಗ ಕಲ್ತಾನ."

ಉತ್ತರ ಹೇಳೋದಕ್ಕೆ ನನಗೂ ಗೊತ್ತಿರಲಿಲ್ಲ. ಸೇರಿದ ಮೇಲೆ ಗೊತ್ತಾಯ್ತು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎದೆಯ ಎಕ್ಸ್‌ರೇ ತೆಗೆಯುವಾಗ ರೋಗಿಯನ್ನು ಪ್ಲೇಟಿಗೆ ಎದೆ ಒತ್ತಿ ನಿಲ್ಲಿಸಿ, ಬೆನ್ನ ಕಡೆಯಿಂದ ಕಿರಣ ಬಿಡುತ್ತೇವೆ, ಆರು ಅಡಿ ದೂರದಿಂದ. ಯಾಕೆ? ಹೃದಯ ಇರೋದು ಎದೆಯ ಮುಂಭಾಗಕ್ಕೆ. ಅದು ಪ್ಲೇಟಿಗೆ ಹತ್ತಿರ ಇದ್ದಷ್ಟು ನೆರಳು ಹಿಗ್ಗೋದಿಲ್ಲ. ತಿರುಗಿಸಿ ನಿಲ್ಲಿಸಿ ಹತ್ತಿರದಿಂದ ಹೊಡೆದರೆ ಚೆನ್ನಾಗಿರುವ ಹೃದಯವೂ ದೊಡ್ಡದಾಗಿ ಕಾಣುತ್ತದೆ. ಹೆಗಲು ಮುಂದಕ್ಕೆ ತಳ್ಳಿಸದಿದ್ದರೆ ಹೆಗಲ ಮೂಳೆ ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಉಸಿರು ಪೂರ್ತಿ ಎಳೆಸದಿದ್ದರೆ ಇಲ್ಲದ ರೋಗ ಕಾಣಬಹುದು. ಅಪ್ಪನಿಗೆ ಇದನ್ನು ಹೇಳಿದೆ. "ಹಂಗಾರ ಬರೇ ಬಟನ್ ಅಲ್ಲ ಬಿಡು" ಅಂದ. ಆ ಒಂದು ಮಾತು ಸಾಕಾಯ್ತು.

ಮೊದಲ ಮೂರು ವರ್ಷದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅನಾಟಮಿ ಬಾಯಿಪಾಠ, ರೇಡಿಯೇಷನ್ ಫಿಸಿಕ್ಸ್ ತಲೆನೋವು, ಹಾಸ್ಟೆಲ್ ಊಟ ಎಲ್ಲ ಕಡೆ ಇದ್ದ ಹಾಗೆ. ನಾನು ಕೆಟ್ಟದ್ದು ನಾಲ್ಕನೇ ವರ್ಷದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬೇಜಾರಾದರೂ ಓದಿ.

ಇಂಟರ್ನ್‌ಶಿಪ್‌ನಲ್ಲಿ ನಮ್ಮನ್ನು ಒಂದೊಂದು ವಿಭಾಗಕ್ಕೆ ಸರದಿಯಲ್ಲಿ ಹಾಕುತ್ತಿದ್ದರು. ಸಾದಾ ಎಕ್ಸ್‌ರೇ, ಐಸಿಯು ಪೋರ್ಟಬಲ್ (ಹಾಸಿಗೆಯ ಹತ್ತಿರವೇ ಯಂತ್ರ ಒಯ್ದು ತೆಗೆಯೋದು), ಬೇರಿಯಂ ಕೊಟ್ಟು ತೆಗೆಯುವ ಎಕ್ಸ್‌ರೇ, ಸಿಟಿ ಸ್ಕ್ಯಾನ್, ಎಂಆರ್‌ಐ. ಎಕ್ಸ್‌ರೇ ಕೋಣೆಯ ಗದ್ದಲ ಮಧ್ಯಾಹ್ನ ಎರಡಕ್ಕೆ ಇಳಿಯುತ್ತಿತ್ತು. ಸಿಟಿಗೆ ಹಾಗೇನಿಲ್ಲ, ಸಂಜೆ ಆರಾದರೂ ರೋಗಿಗಳು ಬರುತ್ತಲೇ ಇರುತ್ತಿದ್ದರು. ಅದೇ ಹೊತ್ತಿಗೆ ಒಂದು ಸಣ್ಣ ಡಯಾಗ್ನೋಸ್ಟಿಕ್ ಸೆಂಟರ್‌ನಲ್ಲಿ ಸಂಜೆ ಕೆಲಸ ಸಿಕ್ಕಿತು, ತಿಂಗಳಿಗೆ ಆರು ಸಾವಿರ. ಮನೆಯಲ್ಲಿ ಕಬ್ಬಿನ ಬಿಲ್ಲು ಬಂದಿರಲಿಲ್ಲ. ನನ್ನ ಸಿಟಿ ದಿನಗಳನ್ನು ಹುಬ್ಬಳ್ಳಿಯ ಗೆಳೆಯನಿಗೆ ಕೊಟ್ಟೆ, ಅವನ ಎಕ್ಸ್‌ರೇ ದಿನಗಳನ್ನು ನಾನು ತೆಗೆದುಕೊಂಡೆ. ಇಬ್ಬರಿಗೂ ಖುಷಿ. ವರ್ಷದ ಕೊನೆಗೆ ಮಾಡಿದ ಕೇಸುಗಳ ಲಾಗ್‌ಬುಕ್ ತುಂಬಬೇಕಲ್ಲ, ಅವನ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಒಂದೇ ರಾತ್ರಿ ಬರೆದೆ. ಕಾಂಟ್ರಾಸ್ಟ್ ಸಿಟಿ (ಒಳಗಿನದು ಎದ್ದು ಕಾಣಲಿ ಅಂತ ನರಕ್ಕೆ ಔಷಧಿ ಬಿಟ್ಟು ಮಾಡುವ ಸ್ಕ್ಯಾನ್): 60 ಕೇಸ್. ನಿಜವಾಗಿ ಮಾಡಿದ್ದು ನಾಲ್ಕು. ಅದರಲ್ಲೂ ಎರಡಕ್ಕೆ ಬಾಗಿಲು ಹಿಡಿದು ನಿಂತಿದ್ದೆ ಅಷ್ಟೇ. ಸಹಿ ಬಿತ್ತು.

ತಪ್ಪು ಯಾವುದು ಅಂತ ಆಮೇಲೆ ವರ್ಷಗಟ್ಟಲೆ ಯೋಚಿಸಿದ್ದೇನೆ. ಆರು ಸಾವಿರ ದುಡಿದದ್ದಲ್ಲ, ಆ ರೊಕ್ಕ ಬೇಕಾಗಿತ್ತು. ಲಾಗ್‌ಬುಕ್ಕಿನ ಸುಳ್ಳು ತಪ್ಪೇ, ಆದರೆ ಅದು ಎರಡನೆಯದು. ಮೊದಲನೆಯದು, ಸಿಟಿ ಅಂದರೆ ಕನ್ಸೋಲ್ ಮುಂದೆ ಕೂತು ಮೌಸ್ ಒತ್ತೋದು, ಮುಂದೆ ಹೇಗೂ ಕಲಿತರಾಯ್ತು ಅಂದುಕೊಂಡದ್ದು. ಸ್ಕ್ಯಾನ್ ಕೆಲವು ಸೆಕೆಂಡಿನ ಕೆಲಸ. ಕಲಿಯೋದು ಇರೋದು ಅದಕ್ಕಿಂತ ಮುಂಚಿನ ಹತ್ತು ನಿಮಿಷದಲ್ಲಿ. ಕಿಡ್ನಿ ಹೇಗಿದೆ, ಕ್ರಿಯಾಟಿನಿನ್ ಎಷ್ಟು? ಹಿಂದೆ ಕಾಂಟ್ರಾಸ್ಟ್ ಕೊಟ್ಟಾಗ ಮೈಯೆಲ್ಲ ತುರಿಸಿತ್ತಾ? ಅಸ್ತಮಾ? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೋತಾರಾ? ಸೂಜಿ ಯಾವ ಸೈಜು, ಎಲ್ಲಿ ಹಾಕಿದ್ದಾರೆ? ಸೆಕೆಂಡಿಗೆ ನಾಲ್ಕು ಎಂಎಲ್ ರಭಸಕ್ಕೆ ಆ ನರ ತಡೆಯುತ್ತಾ, ಇಲ್ಲ ಔಷಧಿ ಚರ್ಮದಡಿ ಸೋರಿ ಕೈ ಊದಿಕೊಳ್ಳುತ್ತಾ? ಇದನ್ನೆಲ್ಲ ನಮ್ಮ ಹಿಂದೆ ಒಬ್ಬ ಸೀನಿಯರ್ ನಿಂತು ನೋಡುವ ಕಾಲ ಇಂಟರ್ನ್‌ಶಿಪ್ ಒಂದೇ. ಆಮೇಲೆ ಹಿಂದೆ ಯಾರೂ ನಿಲ್ಲೋದಿಲ್ಲ. ನಾನು ಮಾರಿಕೊಂಡದ್ದು ಅದನ್ನು.

2017ರಲ್ಲಿ ಬೆಳಗಾವಿಯ ಒಂದು ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋದೆ. 18 ಸಾವಿರ ಸಂಬಳ ಅಂದಿದ್ದರು. ಪ್ರಶ್ನೆಗಳೆಲ್ಲ ಸಲೀಸು. ಸಿಟಿ ಇನ್‌ಚಾರ್ಜ್ ನನ್ನ ಲಾಗ್‌ಬುಕ್ ತಿರುವಿ ಹಾಕಿ, "ಅರವತ್ತು ಮಾಡೀರಿ, ಛಲೋ ಆತು. ಬರ್ರಿ, ಒಂದು ಪಲ್ಮನರಿ ಆಂಜಿಯೋ ಐತಿ. ಇಂಜೆಕ್ಟರ್ ತುಂಬ್ರಿ" ಅಂದರು.

ಶ್ವಾಸಕೋಶದ ರಕ್ತನಾಳ ನೋಡುವ ಕಾಂಟ್ರಾಸ್ಟ್ ಸಿಟಿ ಅದು. ಕಾಂಟ್ರಾಸ್ಟನ್ನು ರಭಸದಿಂದ ನರಕ್ಕೆ ತಳ್ಳುವ ಯಂತ್ರ ಪ್ರೆಶರ್ ಇಂಜೆಕ್ಟರ್. ಅದನ್ನು ತುಂಬುವಾಗ ತಲೆಯನ್ನು ಮೇಲೆ ಮಾಡಬೇಕು. ಗಾಳಿಯ ಗುಳ್ಳೆ ಮೇಲೆ ಬರುತ್ತದೆ, ಅದನ್ನು ಹೊರಗೆ ತಳ್ಳಿ, ಪೈಪಿನ ತುದಿಯವರೆಗೂ ದ್ರವ ತುಂಬಿದ್ದು ಕಣ್ಣಾರೆ ನೋಡಿ, ಆಮೇಲೆ ತಲೆಯನ್ನು ಕೆಳಗೆ ಬಗ್ಗಿಸಬೇಕು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಮಾರ್ಕ್ಸ್ ತಗೊಂಡವನು ನಾನು. ಅವತ್ತು ಕೈ ನಡುಗುತ್ತಿತ್ತು. ಕಾಂಟ್ರಾಸ್ಟ್ ಎಳೆದೆ, ಪೈಪು ಸಿಗಿಸಿದೆ, ತಲೆ ಕೆಳಗೆ ಮಾಡಿ ರೋಗಿಯ ಕಡೆ ಹೊರಟೆ. ಇನ್‌ಚಾರ್ಜ್ ನನ್ನ ಮಣಿಕಟ್ಟು ಹಿಡಿದರು.

"ಗಾಳಿ?"

ಅಷ್ಟೇ ಕೇಳಿದ್ದು. ಪೈಪಿನಲ್ಲಿ ಗೇಣುದ್ದ ಗಾಳಿ ಇತ್ತು. ಅದು ನರದೊಳಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ. ಟೇಬಲ್ ಮೇಲೆ ಮಲಗಿದ್ದ ಅಜ್ಜಿಗೆ ಏನೂ ಗೊತ್ತಾಗಲಿಲ್ಲ, "ಮುಗೀತೇನಪಾ?" ಅಂತ ಕೇಳಿದಳು. ಇನ್‌ಚಾರ್ಜ್ ತಾವೇ ಎಲ್ಲ ಮತ್ತೆ ತುಂಬಿ ಸ್ಕ್ಯಾನ್ ಮಾಡಿದರು. ಹೊರಗೆ ಬಂದು ಲಾಗ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟು, "ಹೋಗಿ ಬಾ ತಮ್ಮಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಎರಡು ವರ್ಷ ಊರ ಹತ್ತಿರದ ಒಂದು ಎಕ್ಸ್‌ರೇ ಸೆಂಟರ್‌ನಲ್ಲಿ ಒಂಬತ್ತು ಸಾವಿರಕ್ಕೆ ದುಡಿದೆ. ಸಿಟಿ ಇದ್ದ ಕಡೆ ಅರ್ಜಿ ಹಾಕೋದಕ್ಕೆ ಧೈರ್ಯವೇ ಇರಲಿಲ್ಲ. ಕೊನೆಗೆ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸಕ್ಕೆ ಸೇರಿ, ಡ್ಯೂಟಿ ಮುಗಿದ ಮೇಲೆ ರಾತ್ರಿ ಸಿಟಿ ಕೋಣೆಯಲ್ಲಿ ನಿಲ್ಲತೊಡಗಿದೆ. ಅಲ್ಲಿ ಕಲಿಸಿದವರನ್ನು ಎಲ್ಲರೂ ಮಾಮಾ ಅನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿದವರು. ಸಿಟಿ ಯಂತ್ರ ಇಂಗ್ಲಿಷ್‌ನಲ್ಲಿ ಉಸಿರು ಹಿಡಿಯಿರಿ ಅನ್ನುತ್ತದೆ, ಮುದುಕರು "ಏನಂದ್ರಿ?" ಅಂತ ತಲೆ ಎತ್ತುತ್ತಾರೆ, ಚಿತ್ರ ಹಾಳು. ಮಾಮಾ ಆ ಧ್ವನಿ ಬಂದ್ ಮಾಡಿ, ತಾವೇ ಮೈಕಿನಲ್ಲಿ "ಉಸರ ಎಳ್ಕೊರಿ, ಹಿಡೀರಿ, ಬಿಡ್ರಿ" ಅನ್ನುತ್ತಿದ್ದರು. ಮರಾಠಿಯವರು ಬಂದರೆ "ಶ್ವಾಸ ಘ್ಯಾ". ಮಲಗಿಸುವ ಮೊದಲೇ ಎರಡು ಸಲ ರಿಹರ್ಸಲ್. ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಅದಕ್ಕೇ ಡಿಗ್ರಿಯೋ ಡಿಪ್ಲೊಮಾವೋ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣೋದಿಲ್ಲ. ಮುಂದೆ ಎಂಎಸ್ಸಿ ಮಾಡಬೇಕು, ಕಲಿಸೋದಕ್ಕೆ ಹೋಗಬೇಕು ಅಂತಿದ್ದರೆ ಡಿಗ್ರಿ ಮಾಡಿ. ಕೋರ್ಸಿಗೆ ಮಾನ್ಯತೆ ಇದೆಯಾ ನೋಡಿಕೊಳ್ಳಿ: ಡಿಗ್ರಿಯಾದರೆ ಯಾವ ವಿಶ್ವವಿದ್ಯಾಲಯ, ಡಿಪ್ಲೊಮಾ ಆದರೆ ಯಾವ ಬೋರ್ಡ್. ಅಲ್ಲಿಗೆ ಆ ಚರ್ಚೆ ಮುಗೀತು.

ಇನ್ನೊಂದು ಮಾತು ನೇರವಾಗಿ ಹೇಳ್ತೇನೆ. ಡಾಕ್ಟರ್ ಆಗಲಿಲ್ಲ, ಇದಾದರೂ ಆಗಲಿ ಅಂತ ಬರುವುದಾದರೆ ಬರಬೇಡಿ. ರಿಪೋರ್ಟ್ ನೀವು ಬರೆಯೋ ಹಾಗಿಲ್ಲ, ಅದು ರೇಡಿಯಾಲಜಿಸ್ಟ್ ಕೆಲಸ. ಸೋನೋಗ್ರಫಿ ಕಲಿತು ಸ್ವಂತ ಸೆಂಟರ್ ಹಾಕ್ತೀನಿ ಅಂತ ನಮ್ಮ ಬ್ಯಾಚಿನಲ್ಲಿ ಆರು ಜನ ಬಂದಿದ್ದರು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಓದಿದ ದಿನ ಆರೂ ಮುಖ ನೋಡಬೇಕಿತ್ತು. ನಮ್ಮ ದೇಶದಲ್ಲಿ ಆ ಪ್ರೋಬ್ ಹಿಡಿಯೋದು ಅರ್ಹ ಡಾಕ್ಟರೇ.

ಮಕ್ಕಳಾಗಲ್ಲ ಅಂತ ಯಾರೋ ಹೆದರಿಸಿದ್ದಾರಲ್ಲ, ನನಗೆ ಇಬ್ಬರು ಹೆಣ್ಣುಮಕ್ಕಳು. ಎದೆಯ ಮೇಲೆ ರೇಡಿಯೇಷನ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಾಕುತ್ತೇವೆ, ಸೀಸದ ಏಪ್ರನ್ ಒಳಗೆ. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗಿ ಲೆಕ್ಕ ಬರುತ್ತದೆ. ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಹಾಕಿದ ಮಿತಿ ಐದು ವರ್ಷಕ್ಕೆ 100 ಮಿಲಿಸೀವರ್ಟ್ (ಡೋಸಿನ ಅಳತೆ), ಯಾವ ಒಂದು ವರ್ಷದಲ್ಲೂ 30 ದಾಟಬಾರದು. ನನ್ನ ಬ್ಯಾಡ್ಜ್ ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸುತ್ತದೆ. ಪೋರ್ಟಬಲ್ ತೆಗೆಯುವಾಗ ಎರಡು ಹೆಜ್ಜೆ ಹಿಂದೆ ಸರಿಯಿರಿ, ದೂರ ಎರಡರಷ್ಟಾದರೆ ಡೋಸು ಕಾಲು ಭಾಗ. ಮತ್ತೆ, ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ಅಲ್ಲಿ ಭಯಪಡಬೇಕಾದದ್ದು ಆಯಸ್ಕಾಂತಕ್ಕೆ. ನನ್ನ ಕೇಳಿದರೆ ಈ ಕೆಲಸದಲ್ಲಿ ಮೊದಲು ಹಾಳಾಗೋದು ಸೊಂಟ. ದಿನಕ್ಕೆ ಎಷ್ಟು ಜನರನ್ನು ಸ್ಟ್ರೆಚರ್‌ನಿಂದ ಟೇಬಲ್‌ಗೆ ಎತ್ತಿ ಹಾಕ್ತೇವೆ ಅಂತ ಯಾರೂ ಕೇಳೋದಿಲ್ಲ.

ಕಾಲೇಜು ಹುಡುಕುವಾಗ ಕಟ್ಟಡ ನೋಡಬೇಡಿ, ಹೊಳೆಯುವ ಪುಸ್ತಿಕೆಯನ್ನಂತೂ ಮನೆಗೇ ತರಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ನೀವು ನೋಡಿಟ್ಟ ಕಾಲೇಜಿನ ಹುಡುಗರು ಯಾವ ಆಸ್ಪತ್ರೆಗೆ ಹೋಗಿ ಕಲಿಯುತ್ತಾರೆ ಅಂತ ಕೇಳಿ, ಅಲ್ಲಿಗೆ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ರೇಡಿಯಾಲಜಿ ವಿಭಾಗದ ಹೊರಗಿನ ಬೆಂಚಿನ ಮೇಲೆ ಕೂತ್ಕೊಳ್ಳಿ. ಗದ್ದಲ ಇದ್ದಷ್ಟೂ ಒಳ್ಳೆಯದು. ಹನ್ನೊಂದರ ಹೊತ್ತಿಗೆ ಇಂಟರ್ನಿಗಳು ಚಹಾಕ್ಕೆ ಹೊರಗೆ ಬರ್ತಾರೆ. ಒಬ್ಬನನ್ನು ಹಿಡಿದು ಕೇಳಿ: "ಇಂಜೆಕ್ಟರ್ ನೀವಾ ತುಂಬ್ತೀರೋ, ನಿಂತು ನೋಡ್ತೀರೋ?"