ಐಟ್ಯೂನ್ಸ್ ಹಾಡುಗಳನ್ನು ಹೊಸ ಲ್ಯಾಪ್‌ಟಾಪಿಗೆ ತರುವಾಗ ಬರೀ ಹಾಡು ಕಾಪಿ ಮಾಡಬೇಡಿ

ಹಳೆ ವಿಂಡೋಸ್ ಲ್ಯಾಪ್‌ಟಾಪಿನ ಐಟ್ಯೂನ್ಸಿನಲ್ಲಿ (ಹಾಡು ಕೂಡಿಟ್ಟು ಕೇಳುವ ಆಪಲ್ ಪ್ರೋಗ್ರಾಂ) 6,000 ಹಾಡುಗಳಿವೆ, ಪ್ಲೇಲಿಸ್ಟ್ ಹಾಳಾಗದ ಹಾಗೆ ಹೊಸ ವಿಂಡೋಸ್ ಲ್ಯಾಪ್‌ಟಾಪಿಗೆ ತರುವುದು ಹೇಗೆ ಅಂತ ಕೇಳಿದ್ದೀರಿ. ನಾನು ಇದನ್ನು ಒಮ್ಮೆ ಕೆಡಿಸಿ, ಆಮೇಲೆ ಸರಿ ಮಾಡಿಕೊಂಡವನು. ಹಾಗಾಗಿ ಹೇಳ್ತೀನಿ.

ಮೊದಲ ಸಲ ನಾನು ಸುಮ್ನೆ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಹೊಸದರಲ್ಲಿ ಸುರಿದೆ. ಹಾಡೇನೋ ಬಂದವು. ಪ್ಲೇಲಿಸ್ಟ್, ಕೊಟ್ಟ ಸ್ಟಾರ್‌ಗಳು, ಯಾವ ಹಾಡು ಎಷ್ಟು ಸಲ ಕೇಳಿದ್ದೆ ಅನ್ನೋ ಲೆಕ್ಕ, ಒಂದೂ ಇಲ್ಲ. ಅವೆಲ್ಲ ಇರುವುದು ಹಾಡಿನ ಫೈಲಿನಲ್ಲಿ ಅಲ್ಲ, 'ಐಟ್ಯೂನ್ಸ್ ಲೈಬ್ರರಿ.ಐಟಿಎಲ್' ಅನ್ನುವ ಒಂದೇ ಒಂದು ಫೈಲಿನಲ್ಲಿ. ಮ್ಯೂಸಿಕ್ ಫೋಲ್ಡರಿನೊಳಗಿನ ಐಟ್ಯೂನ್ಸ್ ಫೋಲ್ಡರಿನಲ್ಲಿ ಅದು ಕೂತಿರುತ್ತದೆ.

ಎರಡನೇ ಸಲ ಆ ಫೋಲ್ಡರನ್ನೇ ಇಡಿಯಾಗಿ ತಂದೆ. ಆಗ ಪ್ಲೇಲಿಸ್ಟ್ ಬಂತು, ಆದರೆ ಅಮ್ಮನ ಹಾಡುಗಳ ಪಕ್ಕದಲ್ಲೆಲ್ಲ ಆಶ್ಚರ್ಯಸೂಚಕ ಚಿಹ್ನೆ! ಫೈಲ್ ಸಿಗುತ್ತಿಲ್ಲ ಅಂತ ಅದರ ಅರ್ಥ. ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿ, ಅಮ್ಮನ ಹಳೆ ಕ್ಯಾಸೆಟ್‌ಗಳನ್ನು ಒಂದೊಂದೇ ಓಡಿಸಿ ರೆಕಾರ್ಡ್ ಮಾಡಿದ್ದ ಹಾಡುಗಳವು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೂ ಕಾಯಬೇಕು, ಬೇರೆ ದಾರಿಯಿಲ್ಲ. ನಡುವೆ ಕುಕ್ಕರ್ ಸೀಟಿ ಕೂಡ ಒಂದೆರಡು ಕಡೆ ಸೇರಿಕೊಂಡಿದೆ! ಅವನ್ನು ನಾನು ಡಿ ಡ್ರೈವಿನಲ್ಲಿ ಬೇರೆ ಇಟ್ಟಿದ್ದೆ. ಐಟ್ಯೂನ್ಸ್ ಅವುಗಳ ವಿಳಾಸ ಮಾತ್ರ ಬರೆದುಕೊಂಡಿತ್ತು. ಪುಣ್ಯಕ್ಕೆ ಹಳೆಯದನ್ನು ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ.

ಆದ್ದರಿಂದ ನೀವು ಮೊದಲು ಹಳೆ ಲ್ಯಾಪ್‌ಟಾಪಿನಲ್ಲೇ ಫೈಲ್ ಮೆನುವಿಗೆ ಹೋಗಿ, ಲೈಬ್ರರಿ, ಅದರಲ್ಲಿ ಆರ್ಗನೈಸ್ ಲೈಬ್ರರಿ ಒತ್ತಿ, 'ಕನ್ಸಾಲಿಡೇಟ್ ಫೈಲ್ಸ್'ಗೆ ಟಿಕ್ ಹಾಕಿ. ಎಲ್ಲೆಲ್ಲೋ ಚದುರಿರುವ ಹಾಡುಗಳು ಒಂದೇ ಕಡೆ ಬಂದು ಸೇರುತ್ತವೆ. ಅದು ಕಾಪಿ ಮಾಡುತ್ತದೆಯೇ ಹೊರತು ಮೂಲವನ್ನು ಅಳಿಸುವುದಿಲ್ಲ, ಹಾಗಾಗಿ ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. 256 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಅಳತೆ) ಗುಣಮಟ್ಟದ 5 ನಿಮಿಷದ ಹಾಡು ಹತ್ತಿರಹತ್ತಿರ 10 ಎಂಬಿ ತಿನ್ನುತ್ತದೆ. ನಿಮ್ಮ 6,000 ಹಾಡೂ ಅಂಥವೇ ಆದರೆ 60 ಜಿಬಿ ಆಯಿತು.

ಆಮೇಲೆ ಐಟ್ಯೂನ್ಸ್ ಮುಚ್ಚಿ, ಇಡೀ ಐಟ್ಯೂನ್ಸ್ ಫೋಲ್ಡರನ್ನು ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕಿಗೆ ಹಾಕಿ, ಅಲ್ಲಿಂದ ಹೊಸ ಲ್ಯಾಪ್‌ಟಾಪಿನ ಮ್ಯೂಸಿಕ್ ಫೋಲ್ಡರಿಗೆ ಇಳಿಸಿ. ಹೊಸದರಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಐಟ್ಯೂನ್ಸ್ ತೆರೆಯಿರಿ. ಯಾವ ಲೈಬ್ರರಿ ಅಂತ ಕೇಳುತ್ತದೆ, ಆ ಫೋಲ್ಡರ್ ತೋರಿಸಿ. ಹೊಸದರಲ್ಲಿರುವ ಐಟ್ಯೂನ್ಸ್ ಹಳೆಯದಕ್ಕಿಂತ ಹಿಂದಿನ ಆವೃತ್ತಿ ಆಗಿರಬಾರದು. ಆಗಿದ್ದರೆ ಲೈಬ್ರರಿ ತೆರೆಯುವುದೇ ಇಲ್ಲ. ಆಪಲ್ ಮ್ಯೂಸಿಕ್ ಆ್ಯಪನ್ನು ಈಗಲೇ ಹಾಕಬೇಡಿ, ಅದು ಬಂದರೆ ಐಟ್ಯೂನ್ಸಿನಲ್ಲಿ ಹಾಡುಗಳೇ ಕಾಣುವುದಿಲ್ಲ.

ದುಡ್ಡು ಕೊಟ್ಟು ಕೊಂಡ ಹಾಡುಗಳಿದ್ದರೆ, ಹಳೆಯದನ್ನು ಬಿಡುವ ಮುಂಚೆ ಅಕೌಂಟ್ ಮೆನುವಿನಲ್ಲಿ ಡಿಆಥರೈಸ್ ಮಾಡಿ, ಅಂದರೆ ಆ ಹಾಡುಗಳನ್ನು ನುಡಿಸಲು ಅದಕ್ಕೆ ಕೊಟ್ಟ ಅನುಮತಿ ತೆಗೆದುಬಿಡಿ. ಒಂದು ಖಾತೆಗೆ ಇಂಥ ಅನುಮತಿ 5 ಕಂಪ್ಯೂಟರಿಗೆ ಮಾತ್ರ.

ಹೊಸದರಲ್ಲಿ ಆಶ್ಚರ್ಯಸೂಚಕ ಇದೆಯಾ ಅಂತ ಪೂರ್ತಿ ಪಟ್ಟಿಯನ್ನು ಒಂದು ಸಲ ಮೇಲಿಂದ ಕೆಳಗಿನವರೆಗೆ ನೋಡಿ, ಅಲ್ಲಿ ಇಲ್ಲಿ ನಾಲ್ಕಾರು ಹಾಡು ಹಾಕಿ ಕೇಳಿ. ಹಳೆಯದನ್ನು ಒಂದೆರಡು ತಿಂಗಳು ಹಾಗೇ ಇಟ್ಟಿರಿ. ನನ್ನದು ಇನ್ನೂ ಅಟ್ಟದ ಮೇಲಿದೆ.